ಪ್ರಶ್ನೆ ಹದಿನೇಳು

ಕಾಗದದ ಮೇಲೆ ಅದು ಚೆನ್ನಾಗಿಯೇ ಇತ್ತು:
"ಗಣಿ ಮುಚ್ಚಿದ ಮೇಲೆ ನಿಮ್ಮ ಪುರುಷತ್ವದ ಕಲ್ಪನೆಯಲ್ಲಿ
ಆದ ಬದಲಾವಣೆಗಳನ್ನು ವಿವರಿಸಿ."
ಚಾಂಪಿಯನ್ ರೀಫಿನ ಆ ಲೈನುಮನೆಯಲ್ಲಿ
ಓದಿ ಮುಗಿಸುವಷ್ಟರಲ್ಲಿ ನನ್ನ ಕಿವಿಗೇ ಅದು
ಡಾಕ್ಟರು ಪರದೆ ಎಳೆದು ಕೇಳುವ ಪ್ರಶ್ನೆಯಾಯಿತು.

ಜ್ಞಾನಪ್ರಕಾಶಂ ಹೆಂಡತಿಯ ಕಡೆ ನೋಡಿದರು.
ಅಮಲೋರ್ಪವಂ ಸೆರಗು ಬಾಯಿಗೊತ್ತಿಕೊಂಡು
ಒಳಗೆ ಹೋಗಿ ನಕ್ಕರು. ಒಳಗೆ ಅಂದರೆ
ತಟ್ಟಿಯ ಆಚೆ, ನಾಲ್ಕು ಅಡಿ.

ನಾಚಿ ಚೀಲದಿಂದ ಫೋಟೊ ತೆಗೆದೆ.
ಪೋಲೆಂಡಿನ ಒಂದು ಕಲ್ಲಿದ್ದಲೂರು; ಅಲ್ಲಿ ಆರು ಚಳಿಗಾಲ
ಇದೇ ಪ್ರಶ್ನೆ ಹೊತ್ತು ಅಲೆದಿದ್ದೆ.
ಝ್ಬಿಗ್ನ್ಯೆವ್. ಅವನದೂ ಸರ್ಕಾರದ ಗಣಿ. ಮೊದಲು ಸರ್ಕಾರ ಹೋಯಿತು,
ಹಿಂದೆಯೇ ಗಣಿ.
ಹೆಸರು ನಾಲಿಗೆಗೆ ಹೊರಳದೆ ಇವರು ಅವನನ್ನು
ಜಬ್ಬಣ್ಣ ಮಾಡಿಕೊಂಡರು.
"ಜಬ್ಬಣ್ಣ ನಮ್ಮ ಜನಾನಾ? ಇಷ್ಟು ಕರ್ರಗವ್ನೆ."
ಅಲ್ಲ, ಬೆಳ್ಳಗಿನವನೇ, ಅದು ಇದ್ದಿಲ ಪುಡಿ ಎಂದೆ.
ತುಂಬ ಹೊತ್ತು ನೋಡಿದರು. ಮೊಣಕೈ ಉಜ್ಜಿಕೊಳ್ಳುತ್ತ,
"ನಮ್ಮದು ಉಲ್ಟಾ, ಮೇಡಂ. ಬಿಳಿಗಲ್ಲು.
ಕೇಜಿನಿಂದ ಮೇಲೆ ಬಂದ್ರೆ ರೆಪ್ಪೆಯೆಲ್ಲ ಸುಣ್ಣ.
ನಮ್ಮ ತಾತನ್ನ ನೋಡಿ ದೊರೆ ನಗೋನಂತೆ:
ಇವತ್ತು ನೀನೂ ಯುರೋಪಿಯನ್ನು ಕಣೋ!
ಸ್ನಾನ ಮಾಡಿದ್ರೆ ಮುಗೀತು."
ಹೇಳಿ ಕೆಮ್ಮಿದರು. ಕೆಮ್ಮು ನಿಲ್ಲಲಿಲ್ಲ.
ಕೆಲವು ಬಿಳುಪು ಸ್ನಾನಕ್ಕೆ ಹೋಗುವುದಿಲ್ಲ.

ಅಲ್ಲಿ, ಆ ಊರಿನ ಟ್ರಾಮಿನಲ್ಲಿ,
ನನ್ನ ಪಕ್ಕದ ಸೀಟು ಕೊನೆಯ ನಿಲ್ದಾಣದವರೆಗೂ ಖಾಲಿ.
ಅದರ ಮೇಲೊಂದು ಅಧ್ಯಾಯ ಬರೆದೆ, ಮೆಚ್ಚಿಕೊಂಡರು.
ಇಲ್ಲಿ ಅಮಲೋರ್ಪವಂ ಲೋಟ ಹಿಡಿದು ಅರ್ಧದಲ್ಲೇ ನಿಂತು
"ನೀವು ನಮ್ಮನೇಲಿ ಕುಡೀತೀರಾ?" ಅಂದರು.
ಒಂದೇ ಉಸಿರಿಗೆ ಕುಡಿದೆ, ಕಾಣಲಿ ಎಂಬ ಹಾಗೆ.
ಕಾಣಲಿ ಎಂದು ಕುಡಿದದ್ದೂ ಅವರಿಗೆ ಕಂಡಿತು.
ಆ ಅಧ್ಯಾಯ ನಾನಿನ್ನೂ ಬರೆದಿಲ್ಲ.

ಹದಿನೇಳನ್ನು ಬೇರೆ ಮಾತಿನಲ್ಲಿ ಕೇಳಿದೆ:
ಈಗ ದಿನ ಹೇಗೆ ಹೋಗುತ್ತೆ?
ಅವರು ಯೂನಿಯನ್ನಿನ ಕಥೆ ಹೇಳಿದರು. ಕೆಂಪು ಬಾವುಟ,
ಎಂಟು ಸಾವಿರ ಅಡಿ ಕೆಳಗೆ ಬಂಡೆ ಸಿಡಿದಾಗ
ಇಬ್ಬರನ್ನು ಹೆಗಲ ಮೇಲೆ ಹೊತ್ತು ತಂದದ್ದು.
ಒಬ್ಬ ಬದುಕಿದ್ದು.
ಸೈರನ್ ನಿಂತ ಮೊದಲ ವಾರ ಲೈನಿನ ಗಂಡಸರೆಲ್ಲ
ಅದೇ ಹೊತ್ತಿಗೆ ಎದ್ದು, ಬೂಟು ಕಟ್ಟಿ,
ಹೊಸ್ತಿಲಲ್ಲಿ ಕೂತದ್ದು.
ಇದನ್ನೆಲ್ಲ ಬರೆಸಿದರು, ನಿಧಾನವಾಗಿ, ನನ್ನ ಪೆನ್ನು ನೋಡುತ್ತ.

ಬರೆಸದೇ ಇದ್ದದ್ದು ಮೊಳೆಗೆ ತೂಗುತ್ತಿತ್ತು:
ನೀಲಿ ಷರಟು, ಪ್ಯಾಂಟು, ಭುಜದ ಪಟ್ಟಿ, ಸೀಟಿ.
ನಿಮ್ಮದಾ?
"ಅವಳದು."
ಬೆಂಗಳೂರಿನ ಯಾವುದೋ ಅಪಾರ್ಟ್‌ಮೆಂಟಿನ ಗೇಟು,
ಕತ್ತಲಲ್ಲೇ ಮಾರಿಕುಪ್ಪಂ ರೈಲು.
ಪ್ಯಾಂಟಿನ ಇಸ್ತ್ರಿಗೆರೆ ದಾರ ಹಿಡಿದು ಎಳೆದ ಹಾಗಿತ್ತು,
ಬಂಡೆಗೆ ಗುರುತು ಹಾಕಿ ತೂತು ಕೊರೆದವರ ಗೆರೆ.
"ಮೂರು ಗಂಟೆಗೆ ಎಚ್ಚರ ಆಗೇ ಆಗುತ್ತೆ, ಮೇಡಂ.
ಶಿಫ್ಟು ಹೋದ್ರೂ ಮೈಗೆ ಗೊತ್ತಾಗಲಿಲ್ಲ. ಸುಮ್ನೆ ಕೂರೋದ್ಯಾಕೆ ಅಂತ...
ಇದ ಬರೀಬೇಡಿ."

ಬರೆಯೋಲ್ಲ ಎಂದೆ.
"ಬರೀರಿ, ಬರೀರಿ," ತಟ್ಟಿಯಾಚೆಯ ದನಿ,
"ಕಾಲರು ಸುಟ್ಟಿದ್ದೂ ಬರೀರಿ."

ವಿಶ್ವವಿದ್ಯಾಲಯದ ನಿಯಮದಂತೆ ಹೆಸರು ಬದಲಿಸಿದ್ದೇನೆ.
ಅವರು ಜ್ಞಾನಪ್ರಕಾಶಂ ಅಲ್ಲ. ಸುಟ್ಟ ಕಾಲರು ಮಾತ್ರ ನಿಜ.
ಹೊರಡುವಾಗ ಫೋಟೊ ವಾಪಸು ಕೊಡಲಿಲ್ಲ,
ಬೆರಳಂಚಿನಲ್ಲಿ ಹಿಡಿದೇ ಇದ್ದರು.
"ಜಬ್ಬಣ್ಣನ ಹೆಂಡ್ತಿ ಏನ್ ಕೆಲಸಕ್ಕೆ ಹೋಗ್ತಾಳೆ?"

ಆರು ಚಳಿಗಾಲ, ನಲವತ್ತು ಪುಟ ಪ್ರಶ್ನೆ.
ಕೇಳಿರಲಿಲ್ಲ.

ಹೊರಗೆ ಸೈನೈಡ್ ದಿಬ್ಬದ ಕಡೆಯಿಂದ ಗಾಳಿ ಎದ್ದಿತ್ತು.
ಯಾರೋ ಒಣಹಾಕಿದ ಬಟ್ಟೆ ಓಡೋಡಿ ಎಳೆದುಕೊಂಡರು.
ಸ್ಕೂಟಿಯ ಕನ್ನಡಿ ಒರೆಸಿದೆ.
ನನ್ನ ರೆಪ್ಪೆಯ ಮೇಲೂ ತೆಳ್ಳಗೆ.