ಐದು ಕೊರಳು

ಧಾರಾವಿಯ ತೊಂಬತ್ತಡಿ ರಸ್ತೆಯೊಳಗ
ನನ್ನ ಮಿಷನ್ ಅದ, ಚೀಲ ಹೊಲಿಯೋದು.
ಸಾಲಿ ಚೀಲದ ಪಟ್ಟಿ, ಲ್ಯಾಪ್‌ಟಾಪ್ ಚೀಲದ ಪಟ್ಟಿ,
ಹದಿನೆಂಟು ವರ್ಷ ಪಟ್ಟಿನೇ ಹಚ್ಚೀನಿ,
ಯಾರ ಹೆಗಲೂ ನೋಡಿಲ್ಲ.

ಊರ್ಜಾ ಮ್ಹಾತ್ರೆ ಬಂದು ಮುಂಗೈ ತೋರಿಸಿದಳು.
ಹಗ್ಗ ಕೊರೆದ ಗೀರು, ಕೆಂಪು ಬಳಿ ಇಟ್ಟಂಗ.
"ಮಾವಶಿ, ಒಂದು ಪಟ್ಟಿ ಬೇಕು,
ಐದು ಕೊರಳಿಗೆ ಒಂದು."
ಮಾಟುಂಗಾದ ಫೈವ್ ಗಾರ್ಡನ್ಸ್ ಸುತ್ತ
ಮುಂಜಾನೆದ್ದು ಮಂದಿ ಮನಿ ಪ್ರಾಣಿ ತಿರುಗಿಸತಾಳಂತ,
ತಿಂಗಳಿಗೆ ತಲಿಗಿಷ್ಟು.
"ಯಾರ ತಲಿಗೆ?" ಅಂದೆ.
ನಕ್ಕಳು. ಇನ್ನೂರು ಮುಂಗಡ ಇಟ್ಟಳು.

ಮೊದಲಿಂದು ಸರಳ: ಒಂದು ರಿಂಗು, ಐದು ಬಾಲ.
ಮೂರನೇ ದಿನಕ್ಕ ಹೊಳ್ಳಿ ತಂದಳು,
ಜಡಿ ಹೆಣದಂಗ ಹೆಣಕೊಂಡಿತ್ತು.
ನಾನೇ ಕೂತು ಹೆಣದ್ರೂ ಅಷ್ಟು ಬಿಗಿ ಬರ್ತಿರಲಿಲ್ಲ.
ಬಿಚ್ಚಲಿಕ್ಕೆ ಅರ್ಧ ತಾಸು, ಆಮ್ಯಾಲ ಹಲ್ಲುನೋವು.

ಎರಡನೇದಕ್ಕ ಅವಳ ಕಾಕಾ ಸಸೂನ್ ಡಾಕ್‌ನಿಂದ
ಗಾಳದ ತಿರುಗಣಿ ಕಳಿಸಿದ,
ಹಿತ್ತಾಳಿದು, ಮೂಸಿದ್ರ ಮೀನು.
ಹಗ್ಗ ತಿರುಚೋದು ನಿಂತಿತು.
ನಾಯಿ ತಿರುಗೋದು ನಿಲ್ಲಲಿಲ್ಲ.

ಅಳತಿಗೆ ನಾನೇ ಒಂದು ದಿನ ಹೋದೆ.
ಸೋಡಾ: ಡಾಕ್ಟರ್ ಮನಿಂವ, ಗಾದಿಯಷ್ಟು ದಪ್ಪ.
ಬಕುಳ: ಕಾಲು ಮೂರು, ಆದ್ರೂ ಎಲ್ಲರಿಗಿಂತ ಮುಂದ.
ಫಿರೋಜಾ: ಕಣ್ಣು ಕಾಣೂದಿಲ್ಲ, ಸೋಡಾನ ಪಕ್ಕೆಲುಬಿಗೆ
ಒರಗಿಕೋತ ನಡೀತಾಳ, ಗ್ವಾಡಿ ಹಿಡಕೊಂಡು ನಡದಂಗ.
ಟಿಂಗೂ: ಇಲಿಯಷ್ಟು ಮೈ, ಠಾಣೇದಾರನಷ್ಟು ಸಿಟ್ಟು.
ಐದನೇದು ನಾಯಿನೇ ಅಲ್ಲ.
ಬೆಕ್ಕು.
"ಅದಕ್ಕೂ ರೊಕ್ಕ ಕೊಡ್ತಾರ, ಮಾವಶಿ."

ಟೇಪು ಚಾಚಿದೆ. ಟಿಂಗೂ ಕಚ್ಚಿದ.
ಇಪ್ಪತ್ತೊಂದನೇ ಇಂಚು ಹೋತು.
ಈಗೂ ಯಾವ ಚೀಲ ಅಳದ್ರೂ
ಅಲ್ಲೆ ಬಂದು ಬೆರಳು ಒಂದು ಚಣ ನಿಲ್ಲತದ.

ಭಾನುವಾರ ತಂಗಿ ಮನಿಗೆ, ಡೋಂಬಿವಲಿಗೆ.
ಸಾಯನ್‌ನಾಗ ಹೆಂಗಸರ ಡಬ್ಬಿ ಹತ್ತಿ ಜೋತುಬಿದ್ದೆ.
ಕೆಳಗ ಮೊಣಕೈ, ಜಡಿ, ಒಬ್ಬಾಕಿ ಬಟಾಣಿ ಸುಲಿತಾಳ,
ಮೂಲ್ಯಾಗ ಸೀಟಿನ ಜಗಳ.
ಮ್ಯಾಲ ಒಂದು ಸರಳು, ಸರಳಿಗೆ ಹಿಡಿಕಿ ಸಾಲು.
ಗಾಡಿ ಹೊಳ್ಳಿದ್ರ ಎಲ್ಲಾ ಕೂಡೇ ಹೊಳ್ಳತಾವ,
ಒಂದು ಇನ್ನೊಂದಕ್ಕ ಸಿಗೂದಿಲ್ಲ.
ಬಾಯಿ ತೆರಕೊಂಡು ನೋಡಕೋತ ನಿಂತೆ.
ಠಾಣೆ ಹೋತು. ಡೋಂಬಿವಲಿ ಹೋತು.
ಚೀಲದಾಗ ತಂಗಿ ಫೋನು ಬಡಕೊಂಡು ಬಡಕೊಂಡು ಸುಮ್ಮಾತು.

ಕಲ್ಯಾಣದಾಗ ಇಳಿಯೋ ಹೊತ್ತಿಗೆ ಪಟ್ಟಿ ತಯಾರಿತ್ತು.
ನಡಕ್ಕೊಂದು ಕ್ಯಾನ್ವಾಸ್ ಬೆಲ್ಟು,
ಅದರ ಮುಂದ ಗೇಣುದ್ದ ಸ್ಟೀಲ್ ಸರಳು,
ಸರಳಿಗೆ ಜಾರೋ ಐದು ರಿಂಗು, ರಿಂಗಿಗೊಂದು ತಿರುಗಣಿ,
ಬಾಲದ ಉದ್ದ ಅವರವರ ನಡಿಗಿಗೆ ತಕ್ಕಂಗ.
ಕೈ ಎರಡೂ ಖಾಲಿ.

ಒಂದೇ ತೊಡಕು.
ರಿಂಗು ಜಾರ್ತಾವ ಖರೆ, ಒಂದನ್ನ ಒಂದು ದಾಟಲಾರವು.
ಯಾರ ಬಾಜೂಕ ಯಾರು, ಅದನ್ನ ಹೆಂಗ ಹೊಲಿಯೋದು?
ಅದಕ್ಕ ಊರ್ಜಾಗ ಹದಿನೈದು ಮುಂಜಾನೆ ಹಿಡೀತು.
ಒಮ್ಮೆ ಮರೆತು ಫಿರೋಜಾನ ಬಕುಳನ ಕಡಿಗೆ ಕಟ್ಟಿದಳಂತ.
ನಡುರಸ್ತೆಯೊಳಗ ಕೂತುಬಿಟ್ಟಳು ಆಕಿ.
ಹಿಂದ ಸ್ಕೂಲ್ ಬಸ್ಸು, ಹಾಲಿನ ಸೈಕಲ್ಲು, ಹಾರ್ನು.
ಸೋಡಾ ಬಂದು ಪಕ್ಕೆಲುಬು ಹಚ್ಚೋ ತನಕ
ಏಳಲಿಲ್ಲ.

ಈಗ ಸಾಲು ಗಟ್ಟಿ ಆಗೇದ:
ಆ ತುದಿಗೆ ಟಿಂಗೂ, ಅವನ ಸಿಟ್ಟಿಗೊಂದಿಷ್ಟು ಜಾಗ ಬಿಟ್ಟು,
ನಡುವ ಬಕುಳ, ಸೋಡಾ, ಸೋಡಾಗ ಅಂಟಿಕೊಂಡು ಫಿರೋಜಾ.

ಬೆಕ್ಕು?
ಅದು ಊರ್ಜಾನ ಹೆಗಲ ಮ್ಯಾಲ ಕೂತು ಊರು ನೋಡತದ.
ಐದನೇ ರಿಂಗು ಖಾಲಿ, ಕಿಣಿಕಿಣಿ ಅಂತ
ಸರಳಿನ ಈ ತುದಿಗೆ ಬಡೀತಿರತದ.
ಅದರ ರೊಕ್ಕಾನೂ ನಾನು ಎಣಿಸಿ ತಗೊಂಡೀನಿ.