ಸೊನ್ನೆಗೆ ಒಂದು ಗೆರೆ ಹಿಂದೆ

ಹಾನುಬಾಳಿನ ಆಚೆ, ಸಂಜೆ ಐದಕ್ಕೆ,
ಸಿಲ್ವರ್ ಮರದ ಕೊಂಬೆಗೆ ತ್ರಾಸು ಕಟ್ಟುತ್ತೇನೆ.
ಹಣ್ಣಿನ ಚೀಲ ಹೊತ್ತು ಸಾಲಾಗಿ ಬರುತ್ತಾರೆ,
ಬೆರಳ ತುದಿ ಕಪ್ಪು, ಸೆರಗಿನಲ್ಲಿ ಕೆಂಜಿಗ.
ಮುಳ್ಳು ಸೊನ್ನೆಗೆ ಒಂದು ಗೆರೆ ಹಿಂದೆ ನಿಲ್ಲುತ್ತದೆ.
ನಾನು ಬಂದಾಗಲೇ ಹಾಗಿತ್ತು.
ಹನ್ನೊಂದು ವರ್ಷದಿಂದ
ಇದೇ ಮಾತು ಹೇಳಿಕೊಂಡಿದ್ದೇನೆ.

ಭಾನುವಾರ ಸಕಲೇಶಪುರದ ಚರ್ಚಿನಲ್ಲಿ
ವಾಚನ ನನ್ನದು. ದನಿ ದೊಡ್ಡದು ಅಂತ ಫಾದರ್ ಒಪ್ಪಿಸಿದ್ದು.
ಆ ದಿನ ಬಂದವನು ಆಮೋಸ:
ಕುರಿ ಕಾಯುವವ, ಅತ್ತಿಮರ ಹತ್ತಿ
ಹಣ್ಣಾಗಲೆಂದು ಕಾಯಿ ಗೀರುವವ,
ಯಾವ ಗುರುವಿನ ಶಿಷ್ಯನೂ ಅಲ್ಲ.
ಬಂದವನೇ ಪೂಜೆಯ ಮಾತೆತ್ತಲಿಲ್ಲ,
ಸೇರು ಎಲ್ಲಿ ಅಂದ. ತಕ್ಕಡಿ ತೋರಿಸು ಅಂದ.
ನನ್ನ ದೊಡ್ಡ ದನಿಗೆ
ಅರ್ಧ ಸಾಲಿನಲ್ಲಿ ಕಫ ಕಟ್ಟಿತು.
ಮೂರನೇ ಬೆಂಚಿನಿಂದ ಲೂರ್ದಮ್ಮ ಟೀಚರು
ನನ್ನ ಪರವಾಗಿ ಕೆಮ್ಮಿದರು.

ಸೋಮವಾರ ಹೂವಿಯ ಚೀಲ. ನಲವತ್ತೆರಡು.
ಅವಳ ಮೊಣಕಾಲು ಊದಿತ್ತು. ನಲವತ್ತೈದು ಅಂತ ಬರೆದೆ.
ದಯೆ ಎಷ್ಟು ಹಗುರ!
ಪೆನ್ಸಿಲ್ ಎತ್ತಿದಷ್ಟೇ.
ಅಕ್ಷರ ಬಾರದವಳು ಹೂವಿ; ಅಂಕಿ ಬರುತ್ತದೆ.
"ಇದ್ಯಾಕೆ ಇನ್ನಾಸಣ್ಣ,
ಮೂರು ಕೆಜಿ ನಾನು ಕುಯ್ದಿಲ್ವಲ್ಲ.
ನಂದು ನಂಗೆ ಬರಿ. ಎಲ್ಲಾರ್ದೂ ಬರಿ.
ಆ ಮುಳ್ಳು ಒಂದು ಗೆರೆ ಹಿಂದೈತೆ ಅಂತ
ನಿನ್ ಬುಕ್ಕಿಗೆ ಗೊತ್ತಿಲ್ದಿದ್ರೂ
ನಮ್ ಬೆನ್ನಿಗೆ ಗೊತ್ತು."

ಸಾಲು ಸುಮ್ಮನಾಯಿತು.
ಚೀಲದ ಬಾಯಿಂದ ಎರಡು ಹಣ್ಣು ಉರುಳಿ
ನನ್ನ ಚಪ್ಪಲಿಯ ಹತ್ತಿರ ನಿಂತವು.

ರಾತ್ರಿ ಲೈನುಮನೆಗಳ ಹೊಗೆ ನೋಡುತ್ತ ಕೂತೆ.
ನೆನಪಾದವನು ಯೋನ,
ಊರು ಉಳಿಯಿತಲ್ಲಾ ಎಂದು ಮುನಿಸಿಕೊಂಡು
ಸೋರೆಬಳ್ಳಿಯ ನೆರಳಿಗೆ ಕೂತವನು.
ಅವನಿಗೆ ನ್ಯಾಯ ಬೇಕಿತ್ತು, ಬೇರೆಯವರ ಮೇಲೆ.
ನಾನೋ, ಒಳ್ಳೆಯವನೆನಿಸಿಕೊಳ್ಳಬೇಕಿತ್ತು,
ಮೂರು ಕೆಜಿಗೆ.
ಬಳ್ಳಿ ಒಣಗಿದ ಮೇಲೆ ಅವನು ಎಲ್ಲಿಗೆ ಹೋದನೋ
ಯಾರೂ ಬರೆದಿಡಲಿಲ್ಲ.

ಬೆಳಗ್ಗೆ ತ್ರಾಸಿನ ತಿರುಪು ತಿರುಗಿಸಿದೆ. ತುಕ್ಕು.
ಎಣ್ಣೆ ಬಿಟ್ಟು, ಬೀಡಿ ಸೇದಿ, ಮತ್ತೆ ತಿರುಗಿಸಿದೆ.
ಮುಳ್ಳು ನಡುಗುತ್ತ ಸೊನ್ನೆಗೆ ಬಂತು.
ಇನ್ನು ಸಾವ್ಕಾರರ ಲೆಕ್ಕ ಹೊಂದುವುದಿಲ್ಲ, ಕೇಳುತ್ತಾರೆ.
ಹನ್ನೊಂದು ವರ್ಷದ ಗೆರೆಗಳನ್ನು
ಯಾರೂ ಇನ್ನೂ ಕೇಳಿಲ್ಲ.

ಸಂಜೆ ಹೂವಿ ಚೀಲ ನೇತುಹಾಕಿದಳು.
ಮುಳ್ಳು ನೋಡಿದಳು, ನನ್ನನ್ನು ನೋಡಲಿಲ್ಲ.
ಸೆರಗಿನ ಗಂಟು ಬಿಚ್ಚಿ, ವೀಳ್ಯದೆಲೆ ಹರಿದು
ಅರ್ಧ ಬಾಯಿಗೆ ಹಾಕಿಕೊಂಡು
ಅರ್ಧವನ್ನು, ಒಂದು ಚೂರು ಅಡಿಕೆಯ ಜೊತೆ,
ನನ್ನ ಬುಕ್ಕಿನ ಮೇಲಿಟ್ಟು
ಕುಂಟುತ್ತ ಹೋದಳು.