ಮೆಟ್ಟಿಲಿಗೊಂದು ಕೊಳಲು

ಶಹಾಪುರದ ಹೆಣ್ಣುಮಕ್ಕಳ ಕಾಲೇಜು, ಏಪ್ರಿಲ್, ಹನ್ನೆರಡೂವರೆ.
ಕರೆಂಟಿಲ್ಲ. ಪುಸ್ತಕವೇ ಬೀಸಣಿಗೆ.
ಮೂರು ತಿಂಗಳ ಗೌರವಧನ ಬಾಕಿಯಿರುವ ಅತಿಥಿ ಉಪನ್ಯಾಸಕಿ ನಾನು
ಬೋರ್ಡಿನ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಒಂದು ಗುಡಿ ಬರೆದು
ಹೇಳುತ್ತಿದ್ದೇನೆ: ಇವರು ಅಜ್ಟೆಕರು.
ಇವರ ಸೂರ್ಯ ಉಣ್ಣದೆ ಮಲಗಿದರೆ
ಮರುದಿನ ಏಳುತ್ತಿರಲಿಲ್ಲ.

ಕಡೆಯ ಬೆಂಚಿನಿಂದ ಶಾಕಿರಾ:
"ಅವ್ನಿಗಿ ಒಂದ್ಸಲ ಇಲ್ಲಿಗಿ ಕಳಸ್ರಿ ಮೇಡಂ.
ನಮ್ಮ ಸೂರ್ಯಗ ಯಾರು ಉಣ್ಣಾಕ ಇಡ್ತಾರ್ರೀ?
ಉಪಾಸ ಇದ್ದೇ ಹಿಂಗ ಸುಡ್ತಾನ!"
ಕ್ಲಾಸು ನಕ್ಕಿತು. ನಾನೂ ನಕ್ಕೆ.
ನಗದೆ ಪಾಠ ಮುಂದೆ ಹೋಗುವ ಹವೆಯಲ್ಲ ಅದು.

ಅವರ ಮಾತಿನಲ್ಲಿ ಬಲಿಗಿದ್ದ ಒಂದು ಹೆಸರು
ಸಾಲ ತೀರಿಸುವುದು.
ದೇವರುಗಳು ಮೊದಲು ತಮ್ಮ ನೆತ್ತರು ಸುರಿದು ಲೋಕ ನಡೆಸಿದರಂತೆ;
ಹುಟ್ಟಿದವರೆಲ್ಲ ಹುಟ್ಟುವಾಗಲೇ ಸಾಲಗಾರರು.
ಲೆಕ್ಕ ಪೂಜಾರಿಯ ಹತ್ತಿರ, ವಸೂಲಿ ಅರಸನದು.
ಸೋತ ಊರುಗಳು ಮೆಕ್ಕೆಜೋಳ, ಹತ್ತಿ, ಹಕ್ಕಿಗರಿ ಹೊತ್ತು ಬರುತ್ತಿದ್ದವು,
ಸೆರೆಸಿಕ್ಕವರು ತಮ್ಮನ್ನೇ ಹೊತ್ತು.
ಗುಡಿ ಯಾವುದು, ಕಚೇರಿ ಯಾವುದು ಅಂತ ಕೇಳಬೇಡಿ,
ಎರಡಕ್ಕೂ ಒಂದೇ ಮೆಟ್ಟಿಲು.

ಅರಸನಿಗೆ ಅವರಿಟ್ಟ ಹೆಸರು 'ಮಾತಾಡುವವನು'.
ಪಟ್ಟವೇರುವಾಗ ಆತ ದೇವರೆದುರು ಬರಿಮೈಯಲ್ಲಿ ನಿಂತು
ನಾನು ನಿನ್ನ ಕೊಳಲು, ಊದುವವನು ನೀನು, ಎನ್ನುತ್ತಿದ್ದ.
ಎಷ್ಟು ಅನುಕೂಲ.
ಕೊಳಲನ್ನು ಯಾರು ಕಟಕಟೆ ಹತ್ತಿಸುತ್ತಾರೆ?

ವರ್ಷಕ್ಕೊಬ್ಬ ಹುಡುಗನನ್ನು ಆರಿಸುತ್ತಿದ್ದರು,
ಮೈಮೇಲೆ ಒಂದು ಕಲೆಯಿಲ್ಲದವನನ್ನು.
ವರ್ಷವಿಡೀ ಅವನೇ ದೇವರು.
ಹೂವು, ಬಂಗಾರದ ಗೆಜ್ಜೆ, ಕೊಳಲು ಕಲಿಸಲೊಬ್ಬ ಗುರು.
ಅವನು ಬೀದಿಗೆ ಬಂದರೆ ಜನ
ಮಣ್ಣು ಮುಟ್ಟಿ ತುಟಿಗೆ ಒತ್ತಿಕೊಳ್ಳುತ್ತಿದ್ದರು.
ಅರಸನೇ ಅವನಿಗೆ ಒಡವೆ ತೊಡಿಸುತ್ತಿದ್ದ.
ಕೊನೆಯ ದಿನ ಅವನೇ, ಯಾರೂ ಎಳೆಯದೆ, ಹತ್ತಬೇಕು,
ತಾನು ನುಡಿಸಿದ ಕೊಳಲುಗಳನ್ನು
ಮೆಟ್ಟಿಲಿಗೊಂದರಂತೆ ಮುರಿಯುತ್ತ.

ಆಗ ನಗದಿದ್ದ ಒಬ್ಬಳು, ಮರಿಲಿಂಗಮ್ಮ, ಎದ್ದಳು.
"ಆ ಹುಡುಗನ ಅವ್ವ ಎಲ್ಲಿ ನಿಂತಿದ್ಲು ಮೇಡಂ?"

ಪುಸ್ತಕದಲ್ಲಿಲ್ಲ, ಅಂದೆ.

"ನಮ್ಮ ಆಯಿಗಿ ಹತ್ತನೇ ವರ್ಷಕ್ಕ ದೇವರಿಗಿ ಬಿಟ್ಟಿದ್ರು.
ಊರಿಗಿ ಬ್ಯಾನಿ ಬಂದಿತ್ತಂತ.
ಗೌಡ್ರ ಮನಿಯಿಂದ ಹಸರ ಸೀರಿ ಬಂತಂತ.
ಮುತ್ತು ಕಟ್ಟಿದ ದಿನ ಎಲ್ಲಾರೂ ಕಾಲಿಗಿ ಬಿದ್ರಂತ,
ಗೌಡ್ರ ಹೆಂಡ್ತಿ ಸೈತ.
ಮರುದಿನ ಯಾರೂ ಬೀಳಲಿಲ್ಲಂತ."

ಅದೇ ಗಳಿಗೆಗೆ ಕರೆಂಟು ಬಂದು ಫ್ಯಾನು ತಿರುಗಿದ್ದು
ಯಾಕೋ ನನಗೆ ಸಿಟ್ಟು ತಂದಿತು.

ಶಾಕಿರಾ, ಈಗ ದನಿ ತಗ್ಗಿಸಿ: "ಆಕಿ ಏನು ಮುರದ್ಲು?"

"ನಲವತ್ತು ವರ್ಷ ಆದಮ್ಯಾಲ ಕುಡಗೋಲಿಲೆ ಮುತ್ತು ಹರಕೊಂಡ್ಲು.
ಕುಂಕುಮದ ಡಬ್ಬಿಯಾಗ ಇಟ್ಟಾಳ. ದಿನಾ ಎಣಸ್ತಾಳ.
ಸಾಲ ಇನ್ನಾ ಎಷ್ಟು ಉಳದದ
ಯಾರಿಗಿ ಕೇಳಬೇಕು ಮೇಡಂ?"

ಕಿಟಕಿಯಾಚೆ ಗುಡ್ಡ,
ಬುದ್ಧ ಮಲಗಿದಂತಿದೆ ಎಂದು ಊರೆಲ್ಲ ತೋರಿಸುವ ಗುಡ್ಡ.
ಅದು ಯಾರಿಂದಲೂ ಏನೂ ಕೇಳಿದ್ದಿಲ್ಲ.
ಹಾಗಂತ ಎದ್ದು ಬಂದದ್ದೂ ಇಲ್ಲ.

ಬೆಲ್ಲಿಗೆ ಐದು ನಿಮಿಷವಿತ್ತು. ನೋಟ್ಸ್ ಬರೆಸಬೇಕಿತ್ತು.
ಬರಕೊಳ್ಳಿ, ಹತ್ತು ಅಂಕದ ಪ್ರಶ್ನೆ:
ಅಜ್ಟೆಕರ ಆಡಳಿತದಲ್ಲಿ ಧರ್ಮದ ಪಾತ್ರ.

ಎಲ್ಲರ ಪೆನ್ನು ಓಡಿತು. ಒಂದು ನಿಂತಿತು.

"ಪಾತ್ರ," ಎಂದಳು ಮರಿಲಿಂಗಮ್ಮ, ನನಗಲ್ಲ, ಹಾಳೆಗೆ,
"ನಮ್ಮ ಆಯಿಗಿ ಊರಾಗ ಹಂಗೇ ಕರೀತಿದ್ರು.
ಪಾತ್ರದಾಕಿ ಅಂತ."